ಪಕ್ಕದಲ್ಲಿ ಕೂತು ಮಡಿಚಿದ ದೋಣಿ

ಮಕ್ಕಳಿಗೆ ಕಾಗದ ಮಡಿಚುವುದನ್ನು ಕಲಿಸಬೇಕು ಎಂದು ಮನಸ್ಸಾದರೆ ಮೊದಲು ಒಂದು ಕೆಲಸ ಮಾಡಿ. ಮಗುವಿನ ಎದುರಿಗೆ ಕೂತಿದ್ದರೆ ಎದ್ದು ಬಂದು ಅದರ ಪಕ್ಕದಲ್ಲಿ ಕೂರಿ. ಎದುರಿಗೆ ಕೂತಾಗ ನಿಮ್ಮ ಬಲ ಅದಕ್ಕೆ ಎಡ. ನೀವು ನಿಮ್ಮತ್ತ ಮಡಿಚಿದ್ದು ಅದಕ್ಕೆ ತನ್ನತ್ತಲೋ ಆಚೆಗೋ ಎಂಬ ಗೊಂದಲ. ಕೊನೆಯ ಮಡಿಕೆಗೆ ಬರುವಷ್ಟರಲ್ಲಿ ನಿಮ್ಮ ಕೈಯಲ್ಲಿ ದೋಣಿ ಇರುತ್ತದೆ, ಅದರ ಕೈಯಲ್ಲಿ ಮುದ್ದೆಯಾದ ಕಾಗದ ಮತ್ತು ಕಣ್ಣಲ್ಲಿ ನೀರು.

ಈ ಪಾಠ ನನಗೆ ಎರಡು ಸಲ ಆಯಿತು. ಎರಡನೆಯ ಸಲದ್ದನ್ನೇ ಮೊದಲು ಹೇಳುತ್ತೇನೆ. ಬೇಸಿಗೆ ರಜೆಯಲ್ಲಿ ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಕರೆಂಟು ಹೋಯಿತು. ಅಕ್ಕನ ಮಗಳು, ಆರು ವರ್ಷದವಳು, ಚಾರ್ಜು ಮುಗಿದ ಮೊಬೈಲನ್ನು ಕೆಳಗಿಟ್ಟು 'ಮಾಮ, ಈಗೇನು ಮಾಡೋದು?' ಎಂದು ನನ್ನ ಮುಖ ನೋಡಿದಳು. ಟೀಪಾಯಿಯ ಮೇಲೆ ಬೆಳಗಿನ 'ಪ್ರಜಾಪ್ರಗತಿ' ಇತ್ತು. ಅಲ್ಲಿನವರು ಓದಿ ಮುಗಿಸಿದ ಮೇಲೆ ತರಕಾರಿ ಹೆಚ್ಚಲು ಹಾಸಿಕೊಳ್ಳುವ ತುಮಕೂರಿನದೇ ಪತ್ರಿಕೆ. ಒಂದು ಹಾಳೆ ನಾನು ತೆಗೆದುಕೊಂಡೆ, ಒಂದನ್ನು ಅವಳಿಗೆ ಕೊಟ್ಟೆ. ಅವಳ ಎದುರಿಗೇ ಕೂತೆ. ಆಮೇಲೆ ಆದದ್ದು ಮೇಲೆ ಹೇಳಿದ್ದೇ, ಕಣ್ಣೀರೂ ಸೇರಿ.

ಆಗ ಗುಬ್ಬಿಯ ಅಜ್ಜಿ ನೆನಪಾದಳು. ಮೊದಲನೆಯ ಸಲದ ಪಾಠ ಅವಳದೇ. ಅವಳು ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮೂಲೆಯಿಂದ ಮೂಲೆಗೆ ಮಡಿಚುತ್ತಿದ್ದಳು. ಕಣ್ಣು ಬೀದಿಯ ಮೇಲೆ, ಕೈ ಮಾತ್ರ ಎಲೆಯ ಮೇಲೆ. ಕೊನೆಗೆ ಒಂದು ಲವಂಗ ಚುಚ್ಚಿದರೆ ಮುಗಿಯಿತು. ಅಚ್ಚುಕಟ್ಟಾದ ಮುಕ್ಕೋನ, ಬಿಚ್ಚಿಕೊಳ್ಳುವ ಮಾತೇ ಇಲ್ಲ. ನಾನೂ ಕಲಿಯುತ್ತೇನೆಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರೆ, 'ಅಲ್ಲಿ ಕೂತ್ರೆ ನನ್ ಕೈ ನಿಂಗೆ ತಲೆಕೆಳಗಾಗಿ ಕಾಣ್ತದೆ ಮಗ, ಇಲ್ಲಿ ಪಕ್ಕಕ್ ಬಾ' ಎಂದು ಜಗಲಿಯ ಮೇಲೆ ಸರಿದು ಜಾಗ ಮಾಡಿದಳು. ಆ ಹೊತ್ತು ಅವಳ ಸೀರೆಯ ಹೊಗೆಸೊಪ್ಪಿನ ವಾಸನೆಯ ಪಕ್ಕದಲ್ಲಿ ಕೂತು ಕಲಿತ ಮಡಿಕೆ ಇವತ್ತಿಗೂ ಕೈಯಲ್ಲಿದೆ.

ತುಮಕೂರಿನಲ್ಲಿ ನಾನೂ ಎದ್ದು ಅಕ್ಕನ ಮಗಳ ಪಕ್ಕಕ್ಕೆ ಹೋದೆ. ಐದು ನಿಮಿಷದಲ್ಲಿ ಇಬ್ಬರ ಕೈಯಲ್ಲೂ ದೋಣಿ.

ಅಜ್ಜಿಗೆ ಒರಿಗಾಮಿ ಎಂಬ ಮಾತು ಗೊತ್ತಿರಲಿಲ್ಲ. ಜಪಾನಿನವರ ಮಾತದು. 'ಒರು' ಎಂದರೆ ಮಡಿಚು, 'ಕಾಮಿ' ಎಂದರೆ ಕಾಗದ. ಎರಡೂ ಕೂಡಿ ಒರಿಗಾಮಿ. ನಮ್ಮ ಮಾತಿನಲ್ಲಿ ಮಡಿಚುವುದಕ್ಕೆ ಇದಕ್ಕಿಂತ ದೊಡ್ಡ ಬಳಗವಿದೆ. 'ಮಡಿ' ಎಂದರೆ ಪಟ್ಟು. ಒಂದು ಹಾಳೆಯನ್ನು ಒಮ್ಮೆ ಮಡಿಚಿದರೆ ಅದು ಇಮ್ಮಡಿ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎಂದು ಇತಿಹಾಸದ ಪಾಠದಲ್ಲಿ ಉರು ಹೊಡೆದೆವಲ್ಲ, ಅಲ್ಲೆಲ್ಲ ಇರುವುದು ಇದೇ ಮಡಿ. ಅದೇ ಹೆಸರಿನ ಎರಡನೆಯವನು, ಮೂರನೆಯವನು, ನಾಲ್ಕನೆಯವನು. ಅರಸರನ್ನು ಎಣಿಸುವುದಕ್ಕೂ ಕನ್ನಡ ಮಡಿಕೆಯನ್ನೇ ಬಳಸಿತು ಎಂಬುದು ನನಗೆ ಬಲು ಇಷ್ಟದ ಸಂಗತಿ.

ಈ ಇಮ್ಮಡಿಯ ಬಲ ಎಷ್ಟೆಂದು ಮಗುವಿಗೆ ತೋರಿಸಲು ಒಂದು ಹಾಳೆ ಸಾಕು. 'ಇದನ್ನ ಎಷ್ಟು ಸಲ ಅರ್ಧಕ್ಕೆ ಮಡಿಚ್ತೀಯ?' ಎಂದು ಕೇಳಿ. 'ನೂರು ಸಲ' ಎಂದೇ ಉತ್ತರ ಬರುತ್ತದೆ. ಆರು ಸಲಕ್ಕೆ ಕಾಗದ ಮೊಂಡು ಹಿಡಿಯುತ್ತದೆ, ಏಳಕ್ಕೆ ಕೈ ಸೋಲುತ್ತದೆ. 2002ರಲ್ಲಿ ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ಶಾಲಾ ಹುಡುಗಿ ಒಂದು ಕಿಲೋಮೀಟರಿಗಿಂತ ಉದ್ದದ ಕಾಗದದ ಸುರುಳಿ ಹಾಸಿಕೊಂಡು 12 ಸಲ ಮಡಿಚಿ ತೋರಿಸಿದಳು. ಅದಕ್ಕೆ ಮೊದಲು ಎಷ್ಟು ಉದ್ದ ಬೇಕೆಂದು ಲೆಕ್ಕವನ್ನೂ ಅವಳೇ ಕಟ್ಟಿದ್ದಳು. ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ ಹಾಳೆಯನ್ನು 10 ಸಲ ಮಡಿಚಲು ಆದರೆ 1024 ಪದರ, ಸುಮಾರು 10 ಸೆಂಟಿಮೀಟರು ಎತ್ತರ. 42 ಸಲ ಮಡಿಚಲು ಆದರೆ ಆ ಕಾಗದದ ದಪ್ಪವೇ ನಾಲ್ಕು ಲಕ್ಷ ಕಿಲೋಮೀಟರು ಮೀರುತ್ತದೆ, ಚಂದ್ರನನ್ನೂ ದಾಟಿಬಿಡುತ್ತದೆ. ಇದನ್ನು ಕೇಳಿದ ರಾತ್ರಿ ಅಕ್ಕನ ಮಗಳು ತಾರಸಿಗೆ ಹೋಗಿ ಚಂದ್ರನನ್ನು ನೋಡಿ 'ಬರೀ ನಲವತ್ತೆರಡು' ಎಂದಳು.

ಮಡಿಚುವುದರ ಮಾತು ಬಂದಮೇಲೆ ಕಡತದ ಮಾತು ಬಿಡುವಂತಿಲ್ಲ. ಈಗ ಕಡತ ಎಂದರೆ ತಾಲ್ಲೂಕು ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಹುಣಿಸೇಬೀಜದ ಅಂಬಲಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಕರಿಯ ಹಲಗೆಯಂತಾದ ಆ ಉದ್ದನೆಯ ಬಟ್ಟೆಯನ್ನು ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ, ಸೀರೆಯ ನೆರಿಗೆಯ ಹಾಗೆ ಮಡಿಚಿಡುತ್ತಿದ್ದರು. ಬರೆಯುವುದು ಬಳಪದಲ್ಲಿ. ಅಂಗಡಿಯವರ ಲೆಕ್ಕ, ಮಠಗಳ ಜಮಾಖರ್ಚು ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಓದುತ್ತಾರೆ. ಲೆಕ್ಕ ಮುಗಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಮಕ್ಕಳು ಒಂದು ಉದ್ದ ಪಟ್ಟಿಯನ್ನು ಹಿಂದೆ ಮುಂದೆ ಮಡಿಚಿ ಬೀಸಣಿಗೆ ಮಾಡುತ್ತಾರಲ್ಲ, ಮೊದಲ ದಿನವೇ ಬರುವ ಆ ಸುಲಭದ ಮಡಿಕೆ ನಮ್ಮ ನಾಡಿನ ಹಳೆಯ ಪುಸ್ತಕದ್ದು. ಬೀಸಣಿಗೆಯ ಪ್ರತಿ ನೆರಿಗೆಯಲ್ಲೂ ಮಗು ಒಂದೊಂದು ಚಿತ್ರ ಬರೆದರೆ ಅದೇ ಕಡತವಾಯಿತು.

ಹಾಳೆಯಿಂದ ಏನನ್ನು ಮಾಡುವುದಕ್ಕೂ ಮುಂಚೆ ಬೇಕಾದದ್ದು ಚೌಕ. ನೋಟ್‌ಬುಕ್ಕಿನ ಹಾಳೆ ಚೌಕವಲ್ಲ. ಅದರ ಒಂದು ಮೂಲೆಯನ್ನು ಎದುರಿನ ಉದ್ದ ಅಂಚಿಗೆ ಹೊಂದಿಸಿ ಮಡಿಚಿ, ಉಳಿದ ಪಟ್ಟಿಯನ್ನು ಗೆರೆ ಹಿಡಿದು ಹರಿದರೆ ಚೌಕ ಸಿದ್ಧ. ಅಳತೆಪಟ್ಟಿ ಬೇಡ, ಪೆನ್ಸಿಲ್ ಬೇಡ. ಇಷ್ಟು ಸಣ್ಣ ಸಂಗತಿಯ ಬೆನ್ನು ಹತ್ತಿ ಇಡೀ ಪುಸ್ತಕ ಬರೆದ ಮಹನೀಯರೊಬ್ಬರು ನಮ್ಮ ನೆರೆಯ ಮದರಾಸು ಪ್ರಾಂತ್ಯದಲ್ಲಿದ್ದರು. ಟಿ. ಸುಂದರರಾವ್ ಎಂದು ಹೆಸರು, ಸರ್ಕಾರಿ ಕೆಲಸ. ಜರ್ಮನಿಯ ಫ್ರೋಬೆಲ್ ಕಟ್ಟಿದ ಕಿಂಡರ್‌ಗಾರ್ಟನ್ ಶಾಲೆಗಳಲ್ಲಿ ಪುಟ್ಟ ಮಕ್ಕಳಿಗೆ ಮಡಿಚಲು ಬಣ್ಣದ ಚೌಕಗಳನ್ನು ಕೊಡುತ್ತಿದ್ದರು. ಆ ಚೌಕಗಳು ಸುಂದರರಾಯರ ಕೈಗೆ ಬಂದವು. ಅವುಗಳಿಂದಲೇ ರೇಖಾಗಣಿತ ಕಲಿಸಬಹುದಲ್ಲ ಎಂದು ತೋರಿತು. 1893ರಲ್ಲಿ ಮದರಾಸಿನಲ್ಲಿ ಪುಸ್ತಕ ಅಚ್ಚಾಯಿತು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಹೆಸರಿಸಿದ. 1901ರಲ್ಲಿ ಅಮೆರಿಕದ ಷಿಕಾಗೋದಿಂದಲೂ ಅದು ಹೊರಬಂತು.

ಆ ಪುಸ್ತಕದ ರೀತಿಯ ಒಂದು ಮಡಿಕೆ ಹೈಸ್ಕೂಲು ಮಕ್ಕಳಿಗೆ ಕಣ್ಣರಳಿಸುವಂಥದು. ಚೌಕವನ್ನು ನಡುವಿಗೆ ಮಡಿಚಿ ಬಿಚ್ಚಿ. ಕೆಳಗಿನ ಒಂದು ಮೂಲೆಯನ್ನು ಹಿಡಿದು, ಇನ್ನೊಂದು ಮೂಲೆ ಕದಲದಂತೆ, ಆ ನಡುಗೆರೆಯ ಮೇಲೆ ಕೂರಿಸಿ. ಅಲ್ಲಿ ಅರವತ್ತು ಡಿಗ್ರಿಯ ಕೋನ ತಾನಾಗಿ ಬಂದಿರುತ್ತದೆ. ಕೈವಾರವಿಲ್ಲದೆ ಸಮಬಾಹು ತ್ರಿಭುಜ! ಗಣಿತವೆಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳಿಗೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಒಂದು ಸಲ ಮಾಡಿಸಬೇಕು.

ಮಡಿಕೆಯ ಹಾದಿಯಲ್ಲೇ ಊರುಗಳನ್ನು ಸುತ್ತಬಹುದು ಎಂದು ಹೊಳೆದದ್ದು ಆ ರಜೆಯಲ್ಲೇ. 'ಮಾಮ, ಗುಬ್ಬಿ ಅಂದ್ರೆ ಹಕ್ಕಿನಾ ಊರಾ?' ಎಂದು ಅಕ್ಕನ ಮಗಳು ಕೇಳಿದಳು. ಎರಡೂ ಎಂದೆ. ತುಮಕೂರಿನಿಂದ 20 ಕಿಲೋಮೀಟರು ದೂರದ ಆ ಊರಿಗೆ ಹೆಸರು ಬಂದ ಬಗ್ಗೆ ಅಜ್ಜಿ ಹೇಳುತ್ತಿದ್ದ ಕತೆ ಹೇಳಿದೆ. ದೇವಸ್ಥಾನದಲ್ಲಿ ಪುರಾಣ ನಡೆಯುತ್ತಿದ್ದಾಗ ಎರಡು ಗುಬ್ಬಿಗಳು ದಿನವೂ ತಪ್ಪದೆ ಬಂದು ಕೂತು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಎರಡೂ ಅಲ್ಲೇ ಪ್ರಾಣ ಬಿಟ್ಟವಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಎರಡು ಮಾಡ್ಬೇಕು' ಎಂದಳು. ಚೌಕವನ್ನು ಕರ್ಣಕ್ಕೆ ಮಡಿಚಿ, ರೆಕ್ಕೆ ಎತ್ತಿ, ಕೊಕ್ಕು ಬಗ್ಗಿಸಿ, ನಾಲ್ಕೈದು ಮಡಿಕೆಯ ಗುಬ್ಬಿ ಎರಡು ಮಾಡಿದೆವು. ಒಂದಕ್ಕೆ ಕಣ್ಣು ಅವಳು ಇಟ್ಟಳು, ಒಂದಕ್ಕೆ ನಾನು. ಎದೆ ಹಿಡಿದು ಬಾಲ ಎಳೆದರೆ ರೆಕ್ಕೆ ಬಡಿಯುವ ಹಕ್ಕಿಯೂ ಇದೆ. ಅದಕ್ಕೆ ಎಂಟೊಂಬತ್ತು ವರ್ಷದ ಬೆರಳು ಬೇಕು. ನಾವು ಚಿಕ್ಕವರಿದ್ದಾಗ ಹೆಂಚಿನ ಮನೆಯ ತೊಲೆ ಸಂದಿನಲ್ಲಿ ಗೂಡು ಕಟ್ಟಿ, ಕನ್ನಡಿಯಲ್ಲಿನ ತಮ್ಮನ್ನೇ ಕುಕ್ಕುತ್ತಿದ್ದ ನಿಜವಾದ ಗುಬ್ಬಿಗಳಿಗೆ ಈಗಿನ ಮನೆಗಳಲ್ಲಿ ಸಂದಿಯೇ ಇಲ್ಲ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಆ ದಿನ ಗುಬ್ಬಿ ಊರಿನ ಪ್ರತಿ ಶಾಲೆಯ ಕಿಟಕಿಗೂ ಮಕ್ಕಳು ಮಡಿಚಿದ ಗುಬ್ಬಿ ತೂಗುಹಾಕಿ, ಹೊರಗೆ ಒಂದು ಬಟ್ಟಲು ನೀರು, ಒಂದು ಹಿಡಿ ನವಣೆ ಇಟ್ಟರೆ ಎಷ್ಟು ಚೆನ್ನ.

ಗುಬ್ಬಿಯಲ್ಲಿ ಹಾರುವುದು ಹಕ್ಕಿಯೊಂದೇ ಅಲ್ಲ. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆಯಲ್ಲಿ ಹಬ್ಬಿದ ಅದು 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಕಾಗದದ ಹೆಲಿಕಾಪ್ಟರಿಗೆ ಅಷ್ಟು ಜಾಗ ಬೇಡ. ಎರಡು ಬೆರಳಗಲ, ಒಂದು ಗೇಣುದ್ದದ ಪಟ್ಟಿ ಸಾಕು. ಮೇಲಿನ ಅರ್ಧವನ್ನು ನಡುವೆ ಸೀಳಿ, ಒಂದು ರೆಕ್ಕೆ ಈ ಕಡೆಗೆ, ಇನ್ನೊಂದು ಆ ಕಡೆಗೆ ಮಡಿಚಿ. ಕೆಳಗಿನ ಅರ್ಧವನ್ನು ಕಿರಿದಾಗಿ ಮಡಿಚಿ ತುದಿಗೆ ಒಂದು ಕಾಗದದ ಪಿನ್ನು ಸಿಕ್ಕಿಸಿ. ತಾರಸಿಯಿಂದ ಬಿಟ್ಟರೆ ಗಿರ್ರನೆ ತಿರುಗುತ್ತಾ ನಿಧಾನಕ್ಕೆ ಇಳಿಯುತ್ತದೆ. ರೆಕ್ಕೆಗಳ ದಿಕ್ಕು ಅದಲುಬದಲು ಮಾಡಿದರೆ ತಿರುಗುವ ದಿಕ್ಕೂ ಬದಲು. ಪಿನ್ನು ತೆಗೆದರೆ ತಡವರಿಸಿ ಬೀಳುತ್ತದೆ. ಗಾಳಿ ರೆಕ್ಕೆಯನ್ನು ಹೇಗೆ ತಳ್ಳುತ್ತದೆ, ಭಾರ ಯಾಕೆ ಕೆಳಗಿರಬೇಕು ಎಂಬುದನ್ನು ಮಗುವಿಗೆ ಯಾರೂ ಹೇಳಬೇಕಿಲ್ಲ. ಹತ್ತು ಸಲ ಮೆಟ್ಟಿಲು ಹತ್ತಿಳಿದು ಅದೇ ಕಂಡುಕೊಳ್ಳುತ್ತದೆ.

ಕಾಗದ ಇಲ್ಲದ ಕಾಲದಲ್ಲೂ ನಮ್ಮ ಸೀಮೆಯ ಮಕ್ಕಳು ಮಡಿಚುತ್ತಿದ್ದರು. ತಿಪಟೂರು, ಗುಬ್ಬಿ, ತುರುವೇಕೆರೆ ಎಲ್ಲ ತೆಂಗಿನ ನಾಡು. ತೋಟದಲ್ಲಿ ಬಿದ್ದ ಸೋಗೆಯೇ ನಮ್ಮ ಬಣ್ಣದ ಕಾಗದ. ಗರಿಯಿಂದ ಹಂಚಿಕಡ್ಡಿ ಸೀಳಿ ತೆಗೆದು, ಗರಿಯನ್ನು ಸುರುಳಿ ಸುತ್ತಿದರೆ ಪೀಪಿ. ಎರಡು ತುಂಡು ಹೆಣೆದು ಜಾಲಿಮುಳ್ಳು ಚುಚ್ಚಿದರೆ ಗಾಳಿಗೆ ಓಡುವ ಗಿರಗಿಟ್ಲೆ. ಮಣಿಕಟ್ಟಿಗೆ ಹೆಣೆದುಕೊಂಡರೆ ವಾಚು. ಆ ವಾಚಿನಲ್ಲಿ ಯಾವಾಗಲೂ ಸ್ಕೂಲು ಬಿಡುವ ಹೊತ್ತು.

ನಿಜವಾದ ವಾಚಿನ ಕಾರ್ಖಾನೆಯೂ ತುಮಕೂರಿನಲ್ಲಿತ್ತು. ಎಚ್‌ಎಂಟಿ ವಾಚು ಕಟ್ಟಿದವರಿಗೆ ಊರಲ್ಲಿ ಒಂದು ಗತ್ತು. ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರ ಮನೆಗಳಿಗೆ ಮತ್ತೂ ಹೆಚ್ಚು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆಮೇಲೆ ಆ ಜಾಗ ಇಸ್ರೋ ಕೈಗೆ ಬಂತು. ಗರಿಯ ವಾಚಿನಿಂದ ಇಸ್ರೋಗೆ ಬಂದೆನಲ್ಲ, ಇಲ್ಲೂ ಮಡಿಕೆ ಇದೆ. ಬಾಹ್ಯಾಕಾಶಕ್ಕೆ ಹೋಗುವ ಸೌರಫಲಕ ರಾಕೆಟ್ಟಿನ ತಲೆಯೊಳಗೆ ಮಡಿಚಿಕೊಂಡು ಕೂರಬೇಕು, ಮೇಲೆ ಹೋದಮೇಲೆ ಅರಳಬೇಕು. ಜಪಾನಿನ ಕೊರ್ಯೋ ಮಿಯುರ ಎಂಬ ವಿಜ್ಞಾನಿ ಅದಕ್ಕೊಂದು ಮಡಿಕೆ ಕಂಡುಹಿಡಿದರು. ಎದುರುಬದುರು ಎರಡು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ, ತಳ್ಳಿದರೆ ಒಮ್ಮೆಗೇ ಮುಚ್ಚಿಕೊಳ್ಳುತ್ತದೆ. 1995ರಲ್ಲಿ ಜಪಾನಿನ ಒಂದು ಉಪಗ್ರಹದಲ್ಲಿ ಅದು ಬಾಹ್ಯಾಕಾಶ ಕಂಡಿತು. ಜಗಲಿಯ ಮೇಲೆ ಬೀಸಣಿಗೆ ಮಡಿಚುವ ಮಗು ಮಾಡುವುದೂ ಅದೇ ಕೆಲಸ: ದೊಡ್ಡದನ್ನು ಹರಿಯದೆ ಚಿಕ್ಕದು ಮಾಡುವುದು.

ಅಂಗಡಿ ಪೊಟ್ಟಣವೂ ಹೀಗೆಯೇ. ಶಿರಾ, ಪಾವಗಡದ ಕಡೆಯ ಕಡಲೆಕಾಯಿಯನ್ನು ಹುರಿದು, ಹಳೆಯ ಪತ್ರಿಕೆಯ ತುಂಡನ್ನು ಒಂದು ಸುತ್ತು ಸುತ್ತಿ ಬಾಯಿ ಮಡಿಚಿ ಕೊಡುತ್ತಿದ್ದವರ ಕೈವೇಗ ಪ್ಲಾಸ್ಟಿಕ್ ಕವರಿಗೆ ಎಲ್ಲಿಂದ ಬರಬೇಕು? ಸಿದ್ಧಗಂಗೆಯಿಂದ ಮನೆಗೆ ತರುವ ವಿಭೂತಿಯೂ ಮಡಿಚಿದ ಪೊಟ್ಟಣದಲ್ಲೇ ಬರುತ್ತಿತ್ತು. ಔಷಧದ ಪುಡಿಯನ್ನೂ ಹಾಗೆಯೇ ಕಟ್ಟುತ್ತಿದ್ದರು. ಹಿರೋಷಿಮಾದ ಸಡಾಕೊ ಸಸಾಕಿ ಎಂಬ ಹುಡುಗಿ ಆಸ್ಪತ್ರೆಯಲ್ಲಿ ಮಲಗಿ ಕೊಕ್ಕರೆಗಳನ್ನು ಮಡಿಚಿದ್ದು ಅಂಥ ಔಷಧದ ಕಾಗದಗಳಿಂದಲೂ ಹೌದು. ಅಣುಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಹನ್ನೆರಡು. ಸಾವಿರ ಕೊಕ್ಕರೆ ಮಡಿಚಿದರೆ ಬೇಡಿದ್ದು ಸಿಗುತ್ತದೆ ಎಂಬ ನಂಬಿಕೆ ಅವಳ ನಾಡಿನದು. ಅವಳ ಗೆಳೆಯ ಗೆಳತಿಯರು ಹಣ ಕೂಡಿಸಿ ಎಬ್ಬಿಸಿದ ಸ್ಮಾರಕ 1958ರಿಂದ ಹಿರೋಷಿಮಾದಲ್ಲಿ ನಿಂತಿದೆ. ಜಗತ್ತಿನ ಮಕ್ಕಳು ಇಂದಿಗೂ ಅಲ್ಲಿಗೆ ಕೊಕ್ಕರೆ ಕಳಿಸುತ್ತಾರೆ. ಈ ಕತೆಯನ್ನು ಆರು ವರ್ಷದವಳಿಗೆ ನಾನು ಹೇಳಲಿಲ್ಲ. ಇನ್ನೊಂದು ನಾಲ್ಕು ವರ್ಷ ಹೋಗಲಿ. ಕೊಕ್ಕರೆ ಮಡಿಚುವಷ್ಟು ಬೆರಳು ಪಳಗಿದಾಗ ಕತೆ ತಡೆದುಕೊಳ್ಳುವ ಎದೆಯೂ ಬಂದಿರುತ್ತದೆ.

ರಜೆ ಮುಗಿಯುವ ಮುಂಚೆ ಕುಣಿಗಲ್‌ನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಕುಣಿಗಲ್ ಎಂದರೆ ನನಗೆ ಕುದುರೆ ಮತ್ತು ಕೆರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳಿಗೆಂದು ಶುರುವಾದ ಸ್ಟಡ್ ಫಾರಂ ಅಲ್ಲಿಯದು. ರೇಸಿನಲ್ಲಿ ಗೆದ್ದ ಎಷ್ಟೋ ಕುದುರೆಗಳು ಅಲ್ಲಿ ಹುಟ್ಟಿದವು. ಕೆರೆಯ ಚೆಲುವಂತೂ ಜನಪದ ಹಾಡಾಗಿ ಇಡೀ ಕನ್ನಡನಾಡಿನ ಬಾಯಲ್ಲಿದೆ. ಹೊರಡುವ ಹಿಂದಿನ ರಾತ್ರಿ ಒಂದು ಕುದುರೆ ಮಾಡಿದೆವು. ಅದಕ್ಕೆ ಎರಡು ಕಡೆ ಕತ್ತರಿ ಹಾಕಬೇಕು. ಆದರೆ ಬಾಲದ ಕೆಳಗೆ ಬೆರಳಿಂದ ಮೇಲಕ್ಕೆ ಮೀಟಿದರೆ ಅದು ಪಲ್ಟಿ ಹೊಡೆದು ಮತ್ತೆ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ. ನಿಂತಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.

ಗೃಹಪ್ರವೇಶದ ಮನೆಯಲ್ಲಿ ಊಟ ತಡವಾಯಿತು. ಮಕ್ಕಳು ಕೂಗಾಡುತ್ತಿದ್ದವು. ನಾನು ಒಂದು ಪತ್ರಿಕೆ ಹಾಳೆ ತೆಗೆದುಕೊಂಡು ಕತೆ ಶುರುಮಾಡಿದೆ. ಜಗತ್ತಿನ ಹಲವು ಕಡೆ ಮಕ್ಕಳಿಗೆ ಹೇಳುವ ಕತೆ ಅದು. ಅವತ್ತಿಗೆ ಅದನ್ನು ಕುಣಿಗಲ್ ಕೆರೆಗೆ ತಂದುಕೊಂಡೆ. ಹಾಳೆಯನ್ನು ಅರ್ಧ ಮಡಿಚಿ, ಮೇಲಿನ ಎರಡು ಮೂಲೆ ನಡುವಿಗೆ ತಂದು, ಕೆಳಗಿನ ಅಂಚನ್ನು ಎರಡೂ ಕಡೆ ಮೇಲಕ್ಕೆತ್ತಿದರೆ ಟೋಪಿ. ದೋಣಿಯವನ ಟೋಪಿ. ಅದನ್ನೇ ಅಗಲಿಸಿ ಚೌಕ ಮಾಡಿ, ತುದಿಗಳನ್ನು ಮೇಲೆ ಮಡಿಚಿ, ಮತ್ತೆ ಅಗಲಿಸಿ ಎರಡು ಕಿವಿ ಹಿಡಿದು ಎಳೆದರೆ ದೋಣಿ. ದೋಣಿ ಕೆರೆಯ ನಡುವೆ ಹೋಯಿತು. ಜೋರು ಮಳೆ, ಗಾಳಿ. ಬಂಡೆಗೆ ಬಡಿದು ಮುಂದಿನ ಮೂತಿ ಮುರಿಯಿತು, ಆ ತುದಿ ಹರಿದೆ. ಹಿಂದಿನದೂ ಮುರಿಯಿತು, ಅದನ್ನೂ ಹರಿದೆ. ನಡುವಿನ ಗೋಪುರ ಸಿಡಿಲಿಗೆ ಹೋಯಿತು, ಅದನ್ನೂ ಹರಿದೆ. ದೋಣಿ ಮುಳುಗಿತು. ದೋಣಿಯವನು ಎಲ್ಲಿ? ಮಕ್ಕಳು ಉಸಿರು ಹಿಡಿದವು. ಹರಿದ ದೋಣಿಯನ್ನು ಬಿಚ್ಚಿ ಹರಡಿದರೆ ಕತ್ತು, ತೋಳು ಎಲ್ಲ ಇರುವ ಅಂಗಿ! ಅವನು ಈಜಿ ದಡ ಸೇರಿದ, ಅಂಗಿ ಒಣಗಲು ಹಾಕಿದ್ದಾನೆ ಎಂದೆ. ಒಬ್ಬ ಹುಡುಗ ಆ ಅಂಗಿಯನ್ನು ಇಸಿದುಕೊಂಡು ಎದೆಗೆ ಹಿಡಿದು ನೋಡಿಕೊಂಡ.

ಕಾಗದ ಮಡಿಚುವುದಕ್ಕೆ ದುಡ್ಡು ಬೇಡ, ಅಂಗಡಿ ಬೇಡ. ಹಳೆಯ ಪತ್ರಿಕೆ, ಕ್ಯಾಲೆಂಡರಿನ ಹಿಂದಿನ ತಿಂಗಳು, ಮದುವೆ ಮುಗಿದ ಲಗ್ನಪತ್ರಿಕೆಯ ತೆಳು ಹಾಳೆ, ಎಲ್ಲವೂ ಆದೀತು. ಬೇಕಾದದ್ದು ಮೂರೇ. ಅಂಚಿಗೆ ಅಂಚು ಕೂಡಿಸುವ ತಾಳ್ಮೆ, ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ತೀಡುವ ಅಭ್ಯಾಸ, ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ. ಈ ಮೂರನೆಯದೇ ಈಗ ದುರ್ಲಭ. ವಿಡಿಯೋದಲ್ಲಿ ಕೈ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಕೈ ಮಗುವಿಗಾಗಿ ನಿಲ್ಲುವುದಿಲ್ಲ, ಮೂಲೆ ಸೊಟ್ಟಗಾದಾಗ 'ಪರವಾಗಿಲ್ಲ, ಬಿಚ್ಚಿ ಮತ್ತೆ ಮಡಿಚು' ಎನ್ನುವುದಿಲ್ಲ. ಇನ್ನೊಂದು ಮಾತು. ಮಗುವಿನ ಕಾಗದವನ್ನು ನೀವು ಕಿತ್ತುಕೊಂಡು ನೇರ ಮಾಡಬೇಡಿ. ನಿಮ್ಮ ಹಾಳೆ ನಿಮಗೆ, ಅದರ ಹಾಳೆ ಅದಕ್ಕೆ. ಅದರ ದೋಣಿ ವಾಲಿದರೂ ಅದು ಅದರ ದೋಣಿ.

ಕುಣಿಗಲ್‌ನಿಂದ ವಾಪಸ್ಸು ಹೊರಡುವ ಹೊತ್ತಿಗೆ ಅಕ್ಕನ ಮಗಳು ಕಾಣಲಿಲ್ಲ. ಹುಡುಕಿದರೆ ಹೊಸ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಇದ್ದಳು. ಅಂಗಿ ಇಸಿದುಕೊಂಡಿದ್ದ ಆ ನಾಲ್ಕು ವರ್ಷದ ಹುಡುಗ ಎದುರಿಗೆ ನಿಂತಿದ್ದ, ಕೈಯಲ್ಲಿ ಮುದ್ದೆ ಕಾಗದ, ತುಟಿ ಅದುರುತ್ತಿತ್ತು. ಅವಳು ಲಂಗ ಒತ್ತರಿಸಿಕೊಂಡು ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದಳು.

'ಅಲ್ಲಲ್ಲ ಕಣೋ,' ಎಂದಳು, 'ಈ ಕಡೆ ಬಾ.'